ಗೋಡೆಗೆ ಬೆನ್ನು ಕೊಡುವ ಮಾವ

ನನ್ನ ಹೆಂಡತಿಯ ಸೋದರಮಾವನನ್ನು ಮನೆ ನೋಡಲು ಕರೆದುಕೊಂಡು ಹೋಗುವುದಕ್ಕಿಂತ ಗಂಡು ನೋಡಲು ಕರೆದುಕೊಂಡು ಹೋಗುವುದು ಎಷ್ಟೋ ಸುಲಭ. ಗಂಡಿನಲ್ಲಾದರೆ ಒಂದೆರಡು ಒಳ್ಳೇ ಗುಣ ಒಪ್ಪಿಕೊಂಡಾರು! ಹೊಸ ಮನೆಯೆಂದರೆ ಹೊಸ್ತಿಲಲ್ಲೇ ಅನುಮಾನ.

ತೊಂಬತ್ತರ ದಶಕದ ಕೊನೆ, ಬೇಸಿಗೆಯಲ್ಲಿ ದಿನಾ ಕರೆಂಟು ಹೋಗುತ್ತಿದ್ದ ಕಾಲ. ಹೆಂಡತಿ ತುಂಬು ಬಸುರಿ. ಹೆರಿಗೆಯೊಳಗೆ ಸ್ವಂತ ಮನೆ ಸೇರಬೇಕೆಂದು ಅವಳ ಹಟ. ನಂಜನಗೂಡಿನ ಹೊಸ ಬಡಾವಣೆಯಲ್ಲಿ ಆಗತಾನೇ ಕಟ್ಟಿದ ಮನೆಯೊಂದು ಅವಳ ಮನಸ್ಸಿಗೆ ಹಿಡಿಸಿತ್ತು. "ನಮ್ಮ ಮಾವ ಒಂದ್ಸಲ ನೋಡಿಬಿಡ್ಲಿ" ಎಂದಳು. ಮಾವ ದೇವನೂರಿನಿಂದ ಬಂದರು, ಅದೂ ನಡುಮಧ್ಯಾಹ್ನದ ಬಸ್ಸಿಗೆ.

"ಬೆಳಿಗ್ಗೆ ಯಾವ ಮನೆ ಆದ್ರೂ ತಂಪಾಗೇ ಇರ್ತದೆ ಅಳೀಮಯ್ಯ. ಸುಡೋ ಬಿಸ್ಲಲ್ಲಿ ನೋಡ್ಬೇಕು, ಬಣ್ಣ ಬಯಲಾಯ್ತದೆ."

ಬರಿಗಾಲಲ್ಲಿ ತಾರಸಿಗೆ ಹತ್ತಿದವರು ಕುಣಿಯುತ್ತ ಇಳಿದರು. ಆಮೇಲೆ ಊದುಬತ್ತಿ ಹಚ್ಚಿಕೊಂಡು ಕೋಣೆ ಕೋಣೆಗೂ ಹೊರಟರು. ಮನೆ ಕಟ್ಟಿದ ಕಂಟ್ರಾಕ್ಟರ್ ಪೂಜೆಯೆಂದುಕೊಂಡು ಕೈ ಮುಗಿದ. ಮಾವ ನೋಡುತ್ತಿದ್ದದ್ದು ಗಾಳಿಗೆ ಹೊಗೆ ಎತ್ತ ವಾಲುತ್ತದೆ ಅಂತ.

"ನೋಡ್ರೀ, ಒಗೆ ನೆಟ್ಟಗೆ ನಿಂತದೆ. ಗಾಳಿ ಎಲ್ಲಿಂದ ಬರ್ಬೇಕು?"

"ಫ್ಯಾನ್ ಹಾಕೊಳ್ಳಿ ಸಾ."

"ಕರೆಂಟು ನೀವು ಕೊಟ್ಟೀರಾ?"

ಕೊನೆಗೆ ಹಿಂದಿನ ಕೋಣೆಯಲ್ಲಿ ಅಂಗಿ ಬಿಚ್ಚಿ, ಪಡುವಣ ಗೋಡೆಗೆ ಬರಿಬೆನ್ನು ಕೊಟ್ಟು ಕೂತುಬಿಟ್ಟರು. ಕಂಟ್ರಾಕ್ಟರ್ ನನ್ನ ಕಿವಿಯಲ್ಲಿ, "ಸಾ, ಮನೆ ತಗೊಳ್ತಿರೋದು ನೀವಾ, ಅವರ ಬೆನ್ನಾ?" ಎಂದ. ನನಗೆ ನಾಚಿಕೆ, ಸಿಟ್ಟು ಎರಡೂ. ಸ್ವಲ್ಪ ಹೊತ್ತಿಗೆ ಮಾವ ಎದ್ದರು. ಬೆನ್ನು ಕೆಂಪಗಾಗಿತ್ತು.

"ಬ್ಯಾಡ" ಎಂದರು.

ಹೆಂಡತಿಗೆ ಅಳುವೇ ಬಂತು. "ಎಲ್ಲಾ ಮನೇಲೂ ಹುಳುಕು ಹುಡುಕ್ತೀರಲ್ಲ ಮಾವ. ಕೂಸು ಎತ್ಕೊಂಡು ನಾನೆಲ್ಲಿಗೆ ಹೋಗ್ಲಿ?"

ಮಾವ ಅಂಗಿ ಹಾಕಿಕೊಳ್ಳುತ್ತಿದ್ದವರು ಹಾಗೇ ನಿಂತರು.

"ನರಸೀಪುರದಲ್ಲಿ ನಾನೂ ಇಂತದೇ ಒಸ ಮನೆ ತಗಂಡಿದ್ದೆ ಕಣವ್ವ, ನೀನಿನ್ನೂ ಹುಟ್ಟಿರ್ನಿಲ್ಲ. ಕಟ್ಟಿದೋನ ಮಾತು ನಂಬ್ದೆ. ನಿಮ್ಮತ್ತೆ ಅಸಿ ಬಾಣಂತಿ. ಪಡುವಣ ಕ್ವಾಣೇಲಿ ಮಲಗಿಸ್ದೆ. ಕೂಸು ಆ ಕಾವು ತಡೀನಿಲ್ಲ."

ಅವರಿಗೊಂದು ಮಗುವಿತ್ತೆಂದು ನಮಗೆ ಯಾರೂ ಹೇಳಿರಲಿಲ್ಲ. ಕಂಟ್ರಾಕ್ಟರ್ ಕೂಡ ತಲೆ ತಗ್ಗಿಸಿದ. ಅಷ್ಟು ಹೊತ್ತು ಮನಸ್ಸಿನಲ್ಲೇ ಬೈದುಕೊಂಡಿದ್ದ ಆ ಮುದುಕನ ಮೇಲೆ ನನಗೆ ಹೇಳಲಾರದಷ್ಟು ಅಕ್ಕರೆ ಬಂತು.

ಹೆಂಡತಿ ಕಣ್ಣೊರೆಸಿಕೊಂಡಳು. ಅವರ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತ, "ನಾಳೆ ಬೇರೆ ಮನೆ ನೋಡೋಣ, ನೀವೂ ಬನ್ನಿ ಮಾವ" ಎಂದಳು. "ನೀವು ಒಪ್ಪದ ಮನೇಲಿ ನನ್ನ ಕೂಸನ್ನ ಮಲಗಿಸಲ್ಲ."