ಮಷೀನ್ ಮುಂದೆ ಕೂತವರಿಗೆ ಕಿವಿಯಿಲ್ಲ

ಅರವತ್ತರ ದಶಕದಲ್ಲಿ ನಾನು ಹೊಲಿಗೆ ಮಷೀನ್ ರಿಪೇರಿ ಮಾಡುತ್ತಾ ದಾಂಡೇಲಿ, ಹಳಿಯಾಳ, ಮುಂಡಗೋಡ ತಿರುಗುತ್ತಿದ್ದೆ. ಕೂತಲ್ಲಿ ಕೂಡಲಾರದ ಜೀವ ನನ್ನದು. ಕಣ್ಣು ಸದಾ ಬಸ್ಸಿನ ದಾರಿಯ ಮೇಲೆ. ನನಗೆ ಗಂಟುಬಿದ್ದವರೋ, ಚಕ್ರ ತಿರುಗಿತೆಂದರೆ ಲೋಕ ಮರೆಯುವವರು. ಅವರೆದುರು ಚಡಪಡಿಸುತ್ತ ನಿಂತಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು.

ಬರೇ ಅಂಗಿ

ಹಳಿಯಾಳದ ಟೇಲರ್ ಮಾಸ್ತರರ ಮಷೀನಿಗೆ ಎಣ್ಣೆ ಬಿಡಲು ಹೋಗಿದ್ದೆ. "ಇದೊಂದ್ ತೋಳು ಮುಗಸ್ತೇನಿ, ತಡೀರಿ" ಎಂದು ತಲೆ ತಗ್ಗಿಸಿದವರು ಎತ್ತಲೇ ಇಲ್ಲ. ಅಂಗಿಗೆಂದು ಬಂದ ರೈತರೊಬ್ಬರು ಎರಡು ಸಲ ಎಲೆ ಅಡಿಕೆ ಹಾಕಿದರು. ನಾನು ಹತ್ತು ಸಲ ಬೀದಿಗೆ ಹೋಗಿ ಬಂದೆ. ಕಡೆಗೆ ಮಾಸ್ತರರು ದಾರ ಹರಿದು, ಕೂತಲ್ಲಿಂದಲೇ ಅಂಗಿ ಚಾಚಿದರು. ರೈತರು ಎಳೆದರು. ಅಂಗಿಯ ಹಿಂದೆಯೇ ಮಾಸ್ತರರು ಉಟ್ಟಿದ್ದ ಧೋತರದ ಚುಂಗೂ ಬಂತು. ತೋಳಿನ ಜೊತೆ ಅದನ್ನೂ ಸೇರಿಸಿ ಗಟ್ಟಿಯಾಗಿ ಹೊಲಿದಿದ್ದರು.

"ಮಾಸ್ತರ, ನಾ ಹೇಳಿದ್ದು ಬರೇ ಅಂಗಿ ರೀ. ಧೋತರ ನಿಮಗ ಇರ್ಲಿ!"

ಒಂದು ಕಪ್ ಚಹಾ

ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಕೆಲಸಗಾರರೊಬ್ಬರು ಹೆಂಡತಿಗೆ ಹೊಸ ಮಷೀನ್ ತಂದಿದ್ದರು. ನಾನು ಜೋಡಿಸಿಕೊಟ್ಟು, ಹೊಲಿಗೆ ಸರಿ ಬೀಳುತ್ತದೋ ಎಂದು ನೋಡುತ್ತಿದ್ದೆ. ಪಾಳಿ ಬಿಡುವ ಮಿಲ್ಲಿನ ಭೋಂಗಾ ಕೂಗಿತು, ಯಜಮಾನರು ಬಂದರು. "ಚಹಾ ಮಾಡತೀಯೇನ?" "ಹೂಂ." ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಮತ್ತೆ "ಹೂಂ." ಪಾಪ, ತಾವೇ ಒಲೆ ಹಚ್ಚಿ ಚಹಾ ಮಾಡಿ, ಆಕೆಯ ಮುಂದೂ ಒಂದು ಕಪ್ ಹಿಡಿದರು. ಆಕೆ ಸೂಜಿಯಿಂದ ಕಣ್ಣು ತೆಗೆಯದೆ ಕುಡಿದು ಅಂದಳು:

"ಚಲೋ ಆಗೇತ್ರಿ ಬಾಜೂಮನಿ ಅಕ್ಕಾರ. ನಮ್ಮವರು ಬಂದ್ರ ಅವರಿಗೂ ಒಂದ್ ಕಪ್ ಕೊಡ್ರಿ."

ಹೆಣ್ಣು ನೋಡಲು ಹೋದದ್ದು

ಇವರನ್ನು ಕಂಡು ನಗುತ್ತಿದ್ದವನು ನಾನು. ನನ್ನ ಮದುವೆಗೆ ಹುಡುಕಾಟ ಶುರುವಾದಾಗ ಎರಡು ಮನೆಯವರು "ಹುಡುಗ ಒಂದ್ ಕಡೆ ನಿಲ್ಲಂಗಿಲ್ಲ" ಎಂದು ಬೇಡವೆಂದಿದ್ದರು. ಮೂರನೆಯದು ಮುಂಡಗೋಡದ ಹತ್ತಿರದ ಹಳ್ಳಿ. ಸೋದರಮಾವ ದಾರಿಯುದ್ದಕ್ಕೂ ಬೇಡಿಕೊಂಡ: "ಅರ್ಧಾ ತಾಸು ಕದಲದಂಗ ಕೂಡಪಾ."

ಕೂತೆ. ಕಾಲು ಕುಣಿಯತೊಡಗಿತು. ಅಷ್ಟರಲ್ಲಿ ಮೂಲೆಯಲ್ಲೊಂದು ಹಳೇ ಮಷೀನ್ ಕಂಡಿತು. ಚಕ್ರ ತಿರುಗಿಸಿದೆ, ಕಟಕಟಾ ಎಂದಿತು. ಸುಮ್ಮನಿರಲಾಗಲಿಲ್ಲ, ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಅಲ್ಲೇ ಬಿಚ್ಚಿದೆ.

ಉಪ್ಪಿಟ್ಟು ಬಂದು ಆರಿತಂತೆ. ಹುಡುಗಿ ಬಂದು, ನಮಸ್ಕಾರ ಮಾಡಿ, ಕೂತು, ಎದ್ದು ಒಳಗೆ ಹೋದಳಂತೆ. ಇದೆಲ್ಲ ಮಾವ ಆಮೇಲೆ ಹೇಳಿದ್ದು. ನನಗೆ ಕೇಳಿಸಿದ್ದು ಹುಡುಗಿಯ ಅಪ್ಪ ಕೆಮ್ಮಿ ಕೇಳಿದ್ದೊಂದೇ: "ಹೆಂಗ ಅನಸ್ತು ರೀ?"

"ಹಳೇದು ಖರೆ, ಗಟ್ಟಿ ಐತ್ರಿ" ಎಂದೆ. "ಒಂದೀಟು ಎಣ್ಣಿ ಬಿಟ್ರ ಕಟಕಟ ನಿಂತು ಹೋಗತೈತಿ."

ಮಾವ ತಲೆಯ ಮೇಲೆ ಕೈ ಹೊತ್ತ. ಆಗ ತಲೆಯೆತ್ತಿ ನೋಡಿದೆ. ಅಪ್ಪ ಮುಖ ಕೆಂಪಗೆ ಮಾಡಿಕೊಂಡು ಎದ್ದರು. ಇದೂ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು, ನಗು ತಡೆದು ತಡೆದು:

"ಅಪ್ಪಾ, ಹೂಂ ಅನ್ರಿ. ಆದ್ರ ಮದುವ್ಯಾಗ ತಲಿ ಮ್ಯಾಲ ಅಕ್ಕಿಕಾಳು ಬೀಳೂತನಕ ಆ ಮಷೀನ್ ಬಾಜೂಮನ್ಯಾಗ ಇಟ್ಟು ಬರ್ರಿ!"