ಪೆಡಲು ಎಟುಕದ ಒಡತಿಯಿಂದ ಚರ್ಮ ಹೊಲಿಯುವ ಯಂತ್ರಕ್ಕೆ

ಶ್ರೀಮನ್ಮಹಾ ಹೊಲಿಗೆ ಯಂತ್ರ ಮಹೋದಯರ ಸನ್ನಿಧಿಗೆ,
ಜಹೀರಾ ಸೀಟ್ ವರ್ಕ್ಸ್, ತುಮಕೂರು ಹೆದ್ದಾರಿ, ನೆಲಮಂಗಲ.
(ಬಾಗಿಲಿಗೆ ಎದುರು, ಕಂಪನಿಯ ಪ್ಲಾಸ್ಟಿಕ್ ಹೊದಿಕೆಯೊಳಗೆ)

ಮಾನ್ಯರೇ,

ತಮ್ಮ ಸೂಜಿ ನೆಟ್ಟಗಿದೆಯೆಂದೂ, ಎಣ್ಣೆ ಕಡಿಮೆಯಾಗಿಲ್ಲವೆಂದೂ, ತಮ್ಮ ಮೋಟಾರಿನ ಆರೋಗ್ಯ ದಿನೇದಿನೇ ವೃದ್ಧಿಸುತ್ತಿದೆಯೆಂದೂ ನಂಬಿ ಈ ಪತ್ರವನ್ನು ಬರೆಯಲು ಕೂತಿದ್ದೇನೆ. ಇಲ್ಲಿ ನಾವೆಲ್ಲರೂ ಕ್ಷೇಮ. ಇಲ್ಲಿ ಎಂದರೆ ತಮ್ಮ ಬೆನ್ನ ಹಿಂದೆ, ರೆಕ್ಸಿನ್ ಕತ್ತರಿಸುವ ಮೇಜಿನ ಹತ್ತಿರ. ಇಷ್ಟು ಸಮೀಪದಲ್ಲಿದ್ದೂ ಕಾಗದ ಬರೆಯುವುದೇಕೆಂದು ತಾವು ಕೇಳಬಹುದು. ತಾವು ಓಡುತ್ತಿರುವಾಗ ನನ್ನ ಮಾತು ತಮಗೆ ಕೇಳಿಸುವುದಿಲ್ಲ, ತಾವು ನಿಂತಿರುವಾಗ ನಮ್ಮ ಯಜಮಾನರು ತಮ್ಮನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿರುತ್ತಾರಾದ್ದರಿಂದ ಹತ್ತಿರ ಬರಲು ಜಾಗವಿರುವುದಿಲ್ಲ. ಅದಕ್ಕೇ ಇದನ್ನು ಬರೆದು ಅಂಗಡಿಯ ಶಟರಿಗೆ ಅಂಟಿಸುತ್ತಿದ್ದೇನೆ. ಓದಬೇಕಾದವರು ದಾರಿಯಲ್ಲಿ ನಿಂತು ಓದಿಕೊಳ್ಳಲಿ.

ನಮ್ಮಿಬ್ಬರಿಗೂ ಇನ್ನೂ ಪರಿಚಯವಾಗಿಲ್ಲ, ಮಾಡಿಸುವ ಸೌಜನ್ಯವನ್ನು ಯಾರೂ ತೋರಿಸಲಿಲ್ಲ. ನಾನು ಜಹೀರುನ್ನೀಸಾ. ಬೋರ್ಡಿನ ಮೇಲಿರುವ ಜಹೀರಾ ನಾನೇ. ತಾವು ಬರುವವರೆಗೆ ಈ ಅಂಗಡಿಯಲ್ಲಿ ಲಾರಿ ಸೀಟು, ಬೈಕ್ ಸೀಟು, ಟಾರ್ಪಾಲು, ಒಮ್ಮೆ ಯಾರೋ ಪುಣ್ಯಾತ್ಮರು ತಂದಿದ್ದ ಕುದುರೆಯ ಜೀನು, ಎಲ್ಲವನ್ನೂ ಹೊಲಿಯುತ್ತಿದ್ದವಳು ನಾನು. ನಮ್ಮ ಯಜಮಾನರಾದ ಶಫೀವುಲ್ಲಾ ಸಾಹೇಬರು ಗಿರಾಕಿಗಳೊಂದಿಗೆ ಮಾತಾಡುವ, ಸ್ಪಂಜು ತರುವ, ಹೊಲಿಗೆ ಮುಗಿದ ಸೀಟಿನ ಮೇಲೆ ಮೊದಲು ಕೂತು "ಭಾಳ ಚೆನ್ನಾಗ್ ಬಂದೈತೆ" ಎನ್ನುವ ಜವಾಬ್ದಾರಿಗಳನ್ನು ಹೊತ್ತಿದ್ದರು. ನನ್ನ ಹಳೆಯ ಮಿಷನ್ನು ರೆಕ್ಸಿನ್ನಿಗೆ ಹೆದರುತ್ತಿರಲಿಲ್ಲ, ಆದರೆ ಚರ್ಮ ಕಂಡರೆ ಅದಕ್ಕೆ ಮೂರ್ಛೆ ಬರುತ್ತಿತ್ತು. ಲಾರಿಯ ಕೊಂಡಪ್ಪನವರು ತಮ್ಮ ಡ್ರೈವರ್ ಸೀಟಿಗೆ ಅಪ್ಪಟ ಚರ್ಮವನ್ನೇ ಹಾಕಿಸಬೇಕೆಂದು ಹಟ ಹಿಡಿದ ದಿನ ಅದು ಸೂಜಿಯ ಮೇಲೆ ಸೂಜಿ ಮುರಿದು, ಕೊನೆಗೆ ಒಂದು ಥರಾ ನರಳಿ, ಅಲ್ಲೇ ನಿಂತುಬಿಟ್ಟಿತು. ಹೊಸದೊಂದನ್ನು ಆರಿಸಲೇಬೇಕು ಎಂದು ಆವತ್ತು ತೀರ್ಮಾನವಾಯಿತು.

ತಮ್ಮನ್ನು ಆರಿಸಿದ ಬಗೆಯನ್ನು ತಾವು ತಿಳಿದಿರುವುದು ಒಳ್ಳೆಯದು. ಹೆಣ್ಣು ನೋಡಲು ಹೋಗುವಾಗ ಹೇಗೋ ಹಾಗೆ ಮೂರು ಜನ ಗಂಡಸರು ಇಸ್ತ್ರಿ ಅಂಗಿ ತೊಟ್ಟು ಬೆಂಗಳೂರಿಗೆ ಬಸ್ಸು ಹತ್ತಿದರು. ಒಬ್ಬರು ನಮ್ಮ ಯಜಮಾನರು. ಇನ್ನೊಬ್ಬ ಅವರ ತಮ್ಮ ಅಲ್ತಾಫ್, ಮೊಬೈಲಿನಲ್ಲಿ ಹೊಲಿಗೆ ಯಂತ್ರಗಳ ವಿಡಿಯೋ ನೋಡಿ ನೋಡಿ ಪಂಡಿತನಾದವನು. ಮೂರನೆಯವರು ಕಟ್ಟಡದ ಮಾಲೀಕರಾದ ವೆಂಕಟರಮಣಪ್ಪನವರು. ನಮ್ಮ ಅಂಗಡಿಯ ಮೇಲಿನ ಮನೆಯಲ್ಲೇ ಇರುವ ಅವರು, ಅದುರುವುದು ತಮ್ಮ ಕಟ್ಟಡವಾದ್ದರಿಂದ ಅದುರಿಸುವ ಯಂತ್ರವನ್ನು ನೋಡುವ ಹಕ್ಕೂ ತಮ್ಮದೇ ಎಂದು ಹೊರಟವರು. ನಾನೂ ಬರುತ್ತೇನೆಂದಾಗ "ಅಂಗ್ಡಿ ನೋಡ್ಕೊಳ್ಳಕ್ಕೆ ಒಬ್ರು ಬೇಕಲ್ಲಮ್ಮ" ಎಂದು ವೆಂಕಟರಮಣಪ್ಪನವರೇ ನ್ಯಾಯ ಹೇಳಿದರು. ನಾನು ಮೂವರಿಗೂ ಬುತ್ತಿ ಕಟ್ಟಿ ಕಳಿಸಿದೆ. ಹೊಲಿಯುವವಳು ಅಂಗಡಿಯಲ್ಲಿ ಉಳಿದು, ಎಂದೂ ಒಂದು ಗುಂಡಿಯನ್ನೂ ಹೊಲಿಯದವರು ಯಂತ್ರ ಆರಿಸಲು ಹೋದ ಆ ದೃಶ್ಯವನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಪರೀಕ್ಷೆಗೆಂದು ಅವರು ಒಯ್ದ ಸಾಮಾನುಗಳ ಬಗ್ಗೆಯೂ ಹೇಳಬೇಕು. ನಮ್ಮ ಕಸುಬಿನಲ್ಲಿ ಯಂತ್ರ ಕೊಳ್ಳುವವರು ತಾವು ದಿನಾ ಹೊಲಿಯುವುದರ ತುಂಡನ್ನು ತೆಗೆದುಕೊಂಡು ಹೋಗುತ್ತಾರೆ. ನಾನು ಕೊಂಡಪ್ಪನವರ ಸೀಟಿನ ಚರ್ಮದ ಒಂದು ತುಂಡು, ಅದರಡಿಯ ಸ್ಪಂಜು, ಅಂಚಿನ ಪಟ್ಟಿ, ಎಲ್ಲವನ್ನೂ ಜೋಡಿಸಿ ಒಂದು ಚೀಲದಲ್ಲಿಟ್ಟುಕೊಟ್ಟಿದ್ದೆ. ಆ ಚೀಲ ಬಸ್ಸಿನಲ್ಲೇ ಉಳಿಯಿತು. ಆದರೆ ಸಾಹಸಿಗಳಿಗೆ ಎಲ್ಲಿಯ ಅಡ್ಡಿ? ಬೆಂಗಳೂರಿನ ಯಂತ್ರದ ಮಳಿಗೆಯಲ್ಲಿ ಅಲ್ತಾಫ್ ತನ್ನ ಸೊಂಟದ ಬೆಲ್ಟನ್ನು ಬಿಚ್ಚಿ ತಮಗೊಪ್ಪಿಸಿದ. ತಾವು ಅದನ್ನು ಹಪ್ಪಳದಂತೆ ದಾಟಿದಿರಿ. ಆಗ ವೆಂಕಟರಮಣಪ್ಪನವರಿಗೆ ಆವೇಶ ಬಂದು, ಊರ ಮೋಚಿಯಿಂದ ಮಾಡಿಸಿದ್ದ, ಟೈರಿನ ಅಟ್ಟೆಯ ಎಕ್ಕಡ ಜೋಡನ್ನು ಕಾಲಿಂದ ಕಳಚಿ, ಒಂದರ ಮೇಲೊಂದಿಟ್ಟು, "ಇದನ್ನ ಹೊಲ್ದ್ರೆ ಗಂಡ್ಸು ಅಂತೀನಿ" ಎಂದು ಸವಾಲು ಹಾಕಿದರು. ತಾವು ಹೊಲಿದಿರಿ. ಎರಡೂ ಸೇರಿ ಒಂದಾದವು. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ, ವ್ಯಾಪಾರ ಅಲ್ಲೇ ಕುದುರಿತಂತೆ. ಬರಿಗಾಲಿನಲ್ಲಿ ಬಸ್ಸಿಳಿದು ಬಂದ ವೆಂಕಟರಮಣಪ್ಪನವರು ಆ ಒಂದಾದ ಜೋಡನ್ನು ನನ್ನ ಮುಂದೆ ಹಿಡಿದು "ಎಳ್ದು ನೋಡಮ್ಮ, ಎಳ್ದು ನೋಡು! ಅವ್ರಪ್ಪನಾಣೆ ಬಿಡಲ್ಲ" ಎಂದು ಕುಣಿದಾಡಿದ್ದನ್ನೂ, ಮಹಡಿಯ ಮೆಟ್ಟಿಲಲ್ಲಿ ನಿಂತಿದ್ದ ಅವರ ಮನೆಯವರಾದ ರುಕ್ಮಿಣಮ್ಮನವರು ಗಂಡನ ಪಾದಗಳನ್ನೇ ನೋಡಿ ಒಳಗೆ ಹೋದದ್ದನ್ನೂ ನಾನು ಕಣ್ಣಾರೆ ಕಂಡೆ.

ನ್ಯಾಯವಾಗಿ ಹೇಳಬೇಕೆಂದರೆ ನನ್ನ ಕಡೆಯಿಂದಲೂ ಒಂದು ಯಂತ್ರವಿತ್ತು. ಮಳಿಗೆಯವರು ಕೊಟ್ಟಿದ್ದ ಚಿತ್ರದ ಪುಸ್ತಕದಲ್ಲಿ ನಾನು ತಿಳಿಹಸಿರು ಬಣ್ಣದ ಒಂದನ್ನು ಮೆಚ್ಚಿ ಪೆನ್ನಿನಿಂದ ಸುತ್ತು ಹಾಕಿದ್ದೆ. ಬೋರ್ಡಿನ ಬಣ್ಣಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಅದು ಅಂಗಿ, ದಿಂಬಿನ ಚೀಲ ಹೊಲಿಯುವ ಜಾತಿಯದೆಂದೂ ಚರ್ಮದ ವಾಸನೆಗೇ ಅಳುತ್ತದೆಂದೂ ನನಗೆ ಆಮೇಲೆ ತಿಳಿಯಿತು. ಈ ವಿಷಯವನ್ನು ಶಟರಿನ ಮೇಲೆ ಬರೆಯಲು ನನಗೇನೂ ನಾಚಿಕೆಯಿಲ್ಲ. ನಾನು ತಪ್ಪನ್ನೇ ಆರಿಸುತ್ತಿದ್ದೆ, ಆದರೆ ಕಾಲು ಎಟುಕುವ ತಪ್ಪನ್ನು ಆರಿಸುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ, ಮಾನ್ಯರೇ. ಮಳಿಗೆಯ ಫಿಟ್ಟರು ತಮ್ಮ ಮೇಜಿನ ಎತ್ತರ ಕೂರಿಸುವ ಮುಂಚೆ, ಇದರಲ್ಲಿ ಕೂರುವವರು ಯಾರು ಎಂದು ಕೇಳಿದನಂತೆ. ಆ ಹೊತ್ತಿಗೆ ಕುರ್ಚಿಯಲ್ಲಿ ಅಲ್ತಾಫ್ ಕೂತಿದ್ದ, ಮೂವರೂ ಅವನನ್ನೇ ತೋರಿಸಿದರು. ಅಲ್ತಾಫ್ ಕರೆಂಟು ಕಂಬದಷ್ಟು ಉದ್ದದ ಹುಡುಗ. ನನ್ನನ್ನು ಜನಸಂದಣಿಯಲ್ಲಿ ಹುಡುಕಬೇಕಾದರೆ ದನಿಯಿಂದಲೇ ಹುಡುಕಬೇಕು. ತಮ್ಮಲ್ಲಿ ವಾಕಿಂಗ್ ಫೂಟ್ ಎಂಬ ವಿಶೇಷವಿದೆಯೆಂದೂ, ಬಟ್ಟೆಯನ್ನು ಒತ್ತಿ ಹಿಡಿಯುವ ತಮ್ಮ ಪಾದ ಸೂಜಿಯ ಜೊತೆಯಲ್ಲೇ ಹೆಜ್ಜೆ ಹಾಕುವುದರಿಂದ ಎಷ್ಟು ಪದರವಿದ್ದರೂ ಜಾರುವುದಿಲ್ಲವೆಂದೂ ಮೂವರೂ ಬಗ್ಗಿ, ಕನ್ನಡಕ ಏರಿಸಿ, ಮೊಬೈಲಿನ ಬೆಳಕು ಬಿಟ್ಟು ಪರೀಕ್ಷಿಸಿ ಬಂದಿದ್ದಾರೆ. ತಮ್ಮ ಪಾದವನ್ನು ಅಷ್ಟು ಭಕ್ತಿಯಿಂದ ನೋಡಿದವರಲ್ಲಿ ಒಬ್ಬರಿಗಾದರೂ ನನ್ನ ಪಾದ ನೆನಪಾಗಲಿಲ್ಲ.

ತಾವು ಬಂದಿಳಿದ ದಿನ ನಾನು ಬಿಸ್ಮಿಲ್ಲಾ ಹೇಳಿ ಕುರ್ಚಿಯಲ್ಲಿ ಕೂತೆ, ಕಾಲು ಗಾಳಿಯಲ್ಲಿ ತೂಗಾಡಿತು. ಕುರ್ಚಿ ಬದಲಾಯಿಸಿ ಗಿಡ್ಡ ಸ್ಟೂಲು ಹಾಕಿಕೊಂಡೆ. ಕಾಲು ಪೆಡಲು ಮುಟ್ಟಿತು, ಆದರೆ ಮೇಜು ಗದ್ದಕ್ಕೆ ಬಂದು, ಸೂಜಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿತು. ಮೇಜನ್ನು ಸ್ವಲ್ಪ ತಗ್ಗಿಸಲಾದೀತೇ ಎಂದು ನಾನು ಕೇಳಿದ್ದೇ ತಡ, ನಮ್ಮ ಯಜಮಾನರು ತಮ್ಮ ಮೇಲೆ ಎರಡೂ ಕೈ ಚಾಚಿ ಅಡ್ಡ ನಿಂತರು. "ಕಂಪ್ನಿ ಫಿಟಿಂಗು, ಮುಟ್ಟಂಗಿಲ್ಲ" ಎಂಬುದು ಅವರ ಅಂತಿಮ ತೀರ್ಪು. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ಕನ್ನು ಹರಿಯುವವರೆಗೂ ತೆಗೆಯದ ಗಿರಾಕಿಗಳನ್ನು ಕಂಡು ಜೀವಮಾನವಿಡೀ ನಕ್ಕ ಅದೇ ಮನುಷ್ಯರು, ತಮ್ಮ ಮೈಮೇಲಿನ ಪ್ಲಾಸ್ಟಿಕ್ಕನ್ನು ಇವತ್ತಿಗೂ ತೆಗೆದಿಲ್ಲ.

ಹೀಗಾಗಿ "ಸದ್ಯಕ್ಕೆ" ಎಂಬ ಮಾತಿನೊಂದಿಗೆ ಅಲ್ತಾಫ್ ಕುರ್ಚಿಗೆ ಬಂದ. ಸದ್ಯಕ್ಕೆ ಬಂದವರು ಎಷ್ಟು ಗಟ್ಟಿಯಾಗಿ ಕೂರುತ್ತಾರೆಂಬುದು ನಮ್ಮ ದೇಶದಲ್ಲಿ ಯಾರಿಗೆ ಗೊತ್ತಿಲ್ಲ. ವಾರ ಕಳೆಯುವುದರೊಳಗೆ ಗಿರಾಕಿಗಳು ಬಾಗಿಲಲ್ಲಿ ನಿಂತು "ಅಲ್ತಾಫ್ ಭಾಯ್ ಇಲ್ವಾ?" ಎನ್ನತೊಡಗಿದರು. ಒಬ್ಬ ಮಹಾನುಭಾವರು ನನ್ನನ್ನು ನೋಡಿ, ಟೈಲರ್ ಬರುವವರೆಗೆ ಒಂದು ಟೀ ಸಿಗುತ್ತದೆಯೇ ಎಂದು ವಿಚಾರಿಸಿದರು. ಭಾಬಿ ಕತ್ತರಿಸಲಿ, ಅಲ್ತಾಫ್ ಹೊಲಿಯಲಿ ಎಂಬ ಯೋಜನೆ ಊಟದ ಹೊತ್ತಿಗೆ ಬಂತು, ಬೋರ್ಡನ್ನು 'ಜಹೀರಾ ಅಲ್ತಾಫ್ ಸೀಟ್ ವರ್ಕ್ಸ್' ಎಂದು ಬರೆಸುವ ಯೋಜನೆ ಟೀ ಹೊತ್ತಿಗೆ ಬಂತು. ಮಾನ್ಯರೇ, ನನಗೆ ತಮಾಷೆ ಮಾಡುವ ಅಭ್ಯಾಸವಿದೆ, ಆದರೆ ಆ ದಿನ ನಾನು ರೆಕ್ಸಿನ್ ಮೇಜಿನ ಹಿಂದೆ ನಿಂತು ಅತ್ತೆ. ಹೊಲಿಗೆ ನನ್ನದು, ಹೆಸರು ನನ್ನದು, ಕುರ್ಚಿ ಮಾತ್ರ ನನ್ನದಲ್ಲ ಎಂದಾದರೆ ನಾನು ಈ ಅಂಗಡಿಯಲ್ಲಿ ಯಾರು?

ಆಗ ನನ್ನ ನೆರವಿಗೆ ಬಂದವರು ತಾವೇ. ಕೊಂಡಪ್ಪನವರ ಚರ್ಮದ ಸೀಟನ್ನು ಅಲ್ತಾಫ್ ಮಹಾ ವೇಗದಲ್ಲಿ ಹೊಲಿದು ಮುಗಿಸಿ, ಎರಡೂ ಕೈ ಮೇಲೆತ್ತಿ ಸಂಭ್ರಮಿಸಲು ಹೋದ. ಒಂದು ಕೈ ಮಾತ್ರ ಮೇಲೆದ್ದಿತು. ಹಬ್ಬಕ್ಕೆಂದು ಹೊಲಿಸಿದ್ದ ನೀಲಿ ಅಂಗಿಯ ಉದ್ದ ತೋಳನ್ನು ತಾವು ಸೀಟಿನ ಅಂಚಿಗೆ ಸೇರಿಸಿ ಹೊಲಿದಿದ್ದಿರಿ. ಕೈಯನ್ನು ಬಿಟ್ಟು ತೋಳನ್ನಷ್ಟೇ ಹೊಲಿದ ತಮ್ಮ ಕರುಣೆಗೆ ನಾನು ಋಣಿ. ಎಷ್ಟಾದರೂ ಅವನು ನನ್ನ ಮೈದುನ. ಎಳೆದರು, ಜಗ್ಗಿದರು, ವೆಂಕಟರಮಣಪ್ಪನವರು ಮೇಲಿಂದ ಇಳಿದು ಬಂದು ತಾವೂ ಒಂದು ಕೈ ಹಾಕಿದರು. ಬಿಡುವುದಿಲ್ಲ ಎಂಬುದು ಮಳಿಗೆಯಲ್ಲೇ ಸಾಬೀತಾಗಿತ್ತಲ್ಲವೇ. ಅಂಗಿ ಕತ್ತರಿಸಲು ಅಲ್ತಾಫ್ ಒಪ್ಪಲಿಲ್ಲ, ಚರ್ಮಕ್ಕೆ ಕತ್ತರಿ ತಾಗಿಸಲು ಕೊಂಡಪ್ಪನವರು ಒಪ್ಪಲಿಲ್ಲ. ಲಾರಿಯಲ್ಲಿ ಹುಬ್ಬಳ್ಳಿಗೆ ಹೋಗಬೇಕಾದ ಲೋಡು ಕಾಯುತ್ತಿತ್ತು. "ಟೈಮಿಲ್ಲ ಗುರು, ನೀನಾದ್ರೂ ಬಾ, ಇಲ್ಲ ಅಂಗಿನಾದ್ರೂ ಕಳ್ಸು" ಎಂದು ಅವರು ಸೀಟನ್ನು ಹೊತ್ತೇಬಿಟ್ಟರು. ಅಲ್ತಾಫ್ ಗುಂಡಿ ಬಿಚ್ಚಿದ. ಅಂಗಿ ಹುಬ್ಬಳ್ಳಿಗೆ ಹೋಯಿತು, ಅವನು ಬನಿಯನ್ನಿನಲ್ಲಿ ಹೆದ್ದಾರಿ ದಾಟಿ ಮನೆಗೆ ಹೋದ.

ಕುರ್ಚಿ ಖಾಲಿಯಾಗಿತ್ತು, ಗಿರಾಕಿಯೊಬ್ಬರು ಟಾರ್ಪಾಲು ಹಿಡಿದು ನಿಂತಿದ್ದರು, ನಮ್ಮ ಯಜಮಾನರು ತಲೆ ಮೇಲೆ ಕೈ ಹೊತ್ತಿದ್ದರು. ನಾನು ಸುತ್ತಲೂ ನೋಡಿದೆ. ತಮ್ಮ ಶೌರ್ಯದ ಸಾಕ್ಷಿಯಾಗಿ ಗೋಡೆಯ ಮೊಳೆಗೆ ನೇತುಹಾಕಿದ್ದ ವೆಂಕಟರಮಣಪ್ಪನವರ ಎಕ್ಕಡ ಕಣ್ಣಿಗೆ ಬಿತ್ತು. ಅಟ್ಟೆಯ ಮೇಲೆ ಅಟ್ಟೆ, ಇಟ್ಟಿಗೆಯಷ್ಟು ದಪ್ಪ, ಭೂಮಿ ಬಿರಿದರೂ ಬೇರಾಗದ ಜೋಡು. ಅದನ್ನು ತೆಗೆದು ತಮ್ಮ ಪೆಡಲಿನ ಮೇಲಿಟ್ಟು, ಪಟ್ಟಿಯಿಂದ ಬಿಗಿದು, ದೊಡ್ಡ ಕುರ್ಚಿಯಲ್ಲಿ ಕೂತು ಕಾಲು ಚಾಚಿದೆ. ಎಟುಕಿತು, ಮಾನ್ಯರೇ. ಅಳತೆ ಕೊಟ್ಟು ಮಾಡಿಸಿದಂತೆ ಎಟುಕಿತು. ತಾವು ಗುರ್ ಎಂದಿರಿ, ಮೇಲಿನ ಮನೆಯಲ್ಲಿ ರುಕ್ಮಿಣಮ್ಮನವರ ಸ್ಟೀಲ್ ಪಾತ್ರೆಗಳು ಗಲಗಲ ಎಂದವು, ಟಾರ್ಪಾಲಿನ ಅಂಚು ನೆಟ್ಟಗೆ, ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಇಂಥ ಹೊಲಿಗೆಯನ್ನು ನಾನು ಹುಟ್ಟಿದಂದಿನಿಂದ ಹೊಲಿದಿರಲಿಲ್ಲ. ನನ್ನನ್ನು ಕೇಳದೆ ತಂದ ಯಂತ್ರ ಇಷ್ಟು ಚೆನ್ನಾಗಿರುವುದಕ್ಕಿಂತ ದೊಡ್ಡ ದೂರು ನನ್ನ ಬಳಿ ಬೇರೆ ಇಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳು. ನಾನು ಬಂದಾಗ ಒಂಟೆಯಂತೆ ಮಂಡಿಯೂರಿ, ಅಲ್ತಾಫ್ ಬಂದಾಗ ಜಿರಾಫೆಯಂತೆ ನಿಗುರಿ ನಿಲ್ಲುವ ಅಭ್ಯಾಸ ಮಾಡಿಕೊಳ್ಳಬೇಕು. ಟೈಲರ್ ಎಲ್ಲಿ ಎಂದು ನನ್ನನ್ನೇ ಕೇಳುವ ಗಿರಾಕಿಯ ತುಟಿಗಳೆರಡನ್ನೂ ಅತ್ಯಂತ ಮರ್ಯಾದೆಯಿಂದ, ಒಂದೇ ಒಂದು ಹೊಲಿಗೆ ಹಾಕಿ ಸೇರಿಸಬೇಕು. ರುಕ್ಮಿಣಮ್ಮನವರು ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಜೋಗುಳದ ಲಯದಲ್ಲಿ ಅದುರಬೇಕು. ಮತ್ತು ಮುಂದೆಂದಾದರೂ ನಮ್ಮ ಯಜಮಾನರು ನನ್ನನ್ನು ಬಿಟ್ಟು ಏನನ್ನಾದರೂ ಆರಿಸಲು ಹೊರಟರೆ, ಅವರ ಪೈಜಾಮವನ್ನು ಅಂಗಡಿಯ ಸ್ಟೂಲಿಗೆ ಸೇರಿಸಿಬಿಡಬೇಕು. ದಾರದ ಬಣ್ಣ ತಮ್ಮ ಇಷ್ಟ.

ತಮ್ಮ ಪಾದಕ್ಕೆ ನನ್ನ ಪಾದ ತಾಗಿಸಲು ಪರರ ಎಕ್ಕಡ ಕಟ್ಟಿಕೊಂಡಿರುವ,

ತಮ್ಮ ವಿಶ್ವಾಸಿ,
ಜಹೀರುನ್ನೀಸಾ

ತಾ.ಕ.: ಈ ಪತ್ರ ಅಂಟಿಸುವ ಮುನ್ನ ಕೊಂಡಪ್ಪನವರು ಹುಬ್ಬಳ್ಳಿಯಿಂದ ಹಿಂದಿರುಗಿದರು. ಅಂಗಿಯ ತೋಳು ಸೀಟಿನಲ್ಲೇ ಇದೆ, ಒರಗಿ ಕೂತರೆ ಯಾರೋ ಹೆಗಲ ಮೇಲೆ ಕೈ ಹಾಕಿದಂತಿರುತ್ತದೆ, ಹಾಗೇ ಇರಲಿ ಎಂದರು. ಎಕ್ಕಡ ಕಟ್ಟಿದ ಪೆಡಲನ್ನು ಬಗ್ಗಿ ನೋಡಿದವರೇ "ಅಕ್ಕ, ಮೇಜಿನ ಕಾಲಲ್ಲಿ ಬೋಲ್ಟ್ ಐತಲ್ಲ, ಸಡಿಲ ಮಾಡಿದ್ರೆ ಇಳೀತದೆ" ಎಂದು ಲಾರಿಯಿಂದ ಸ್ಪ್ಯಾನರ್ ತಂದುಕೊಟ್ಟರು. ನಾನೇ ತಿರುಗಿಸಿದೆ. ಮೇಜು ಈಗ ನನ್ನ ಅಳತೆಗೆ ಕೂತಿದೆ. ವೆಂಕಟರಮಣಪ್ಪನವರ ಜೋಡನ್ನು ಜೋಡಾಗಿಯೇ ಹಿಂದಿರುಗಿಸಿದ್ದೇನೆ; ಬಿಡಿಸಿಕೊಡಿ ಎಂದರು, ಬಿಡುವುದಿಲ್ಲವೆಂದು ಅವರೇ ಕೊಟ್ಟಿದ್ದ ಭರವಸೆಯನ್ನು ನೆನಪಿಸಿದೆ. ನಿನ್ನೆ ಅಲ್ತಾಫ್ ಇನ್ನೊಂದು ಅಂಗಿ ತೊಟ್ಟು ಕೂರಲು ಬಂದ. ಅವನ ಮಂಡಿ ಮೇಜಿನಡಿ ಹೋಗಲೇ ಇಲ್ಲ. ಸ್ವಲ್ಪ ಏರಿಸೋಣವೇ ಎಂದು ನಮ್ಮ ಯಜಮಾನರು ಸ್ಪ್ಯಾನರಿಗೆ ಕೈ ಚಾಚಿದಾಗ ನಾನು ಎರಡೂ ಕೈ ಅಡ್ಡ ಹಿಡಿದು ನಿಂತೆ. ಕಂಪನಿ ಫಿಟಿಂಗು, ಮುಟ್ಟುವ ಹಾಗಿಲ್ಲ.