ಕೆಮಿಸ್ಟ್ರಿ ಪುಸ್ತಕಕ್ಕೆ ಅರಿಷಿಣ ಕುಂಕುಮ

"ನಿನಗ ಆಗಂಗಿಲ್ಲ" ಎಂದು ಯಾರಾದರೂ ಹೇಳಿದ ದಿನವೇ ನಮ್ಮ ಮನೆಯಲ್ಲಿ ಇಂಥ ಪ್ರಸಂಗಗಳು ಶುರುವಾಗುತ್ತವೆ. ಹೇಳುವವರಿಗೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ, ಹಾಗಾಗಿ ಪ್ರಸಂಗಗಳಿಗೂ ಬಂದಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಹಾಗೆ ಹೇಳಿದವರು ನಮ್ಮ ಭಾವ, ನನ್ನ ಗಂಡನ ಅಣ್ಣ. ಅವರಿಗೆ ಗೋವೆಯ ಮಡಗಾಂವ್ ಪೇಟೆಯಲ್ಲಿ ಕಿರಾಣಿ ಅಂಗಡಿ. ನಾನು ಅದೇ ಊರಿನ ಗುಡ್ಡದ ಮೇಲೆ, ಮೋತಿ ಡೊಂಗರದ ಒಂದೇ ಖೋಲಿಯಲ್ಲಿ ಸಂಸಾರ ಮಾಡಿಕೊಂಡು ಬೀಚಿನಲ್ಲಿ ಕಸೂತಿ ಚಾದರ ಮಾರುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕನ್ನಡವನ್ನು ಸಾಮಾನು ಕಟ್ಟಿಕೊಟ್ಟ ಹಳೇ ಪೇಪರಿನಿಂದ ಕಲಿತೆ, ಇಂಗ್ಲಿಷ್ ಅಕ್ಷರಗಳನ್ನು ಬಸ್ಸಿನ ಬೋರ್ಡಿನಿಂದ. ತಪ್ಪು ಬಸ್ಸು ಹತ್ತಿ ಇಳಿದರೆ ಅಕ್ಷರ ಬೇಗ ತಲೆಗೆ ಹತ್ತುತ್ತದೆ.

ಮಗಳು ಹನ್ನೆರಡನೆಯ ಸೈನ್ಸಿನಲ್ಲಿ ಕೆಮಿಸ್ಟ್ರಿ ಒಂದರಲ್ಲಿ ಫೇಲಾದಳು. ಅಕ್ಟೋಬರ್ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕು ಬಂದರೆ ಫಾರ್ಮಸಿ ಕೋರ್ಸು. ಬಾರದಿದ್ದರೆ ಭಾವ ಹುಬ್ಬಳ್ಳಿಯಲ್ಲಿ ನೋಡಿಟ್ಟ ವರ.

"ತಂಗಿ, ಚಾದರ ಮಾರೋದು ಬ್ಯಾರೆ, ಸೈನ್ಸ್ ಓದಸೋದು ಬ್ಯಾರೆ. ದೀಪಾವಳಿ ಆದ ಮ್ಯಾಲ ಅಕ್ಕಿಕಾಳು ಹಾಕಿ ಬಿಡೂಣು."

"ಹುಡುಗ ಏನು ಓದ್ಯಾನ್ರಿ?"

"ಸ್ವಂತ ಮನಿ ಐತಿ."

ಪ್ರಶ್ನೆ ಒಂದು, ಉತ್ತರ ಇನ್ನೊಂದು. ಮಗಳು ಕೆಮಿಸ್ಟ್ರಿ ಪೇಪರಿನಲ್ಲಿ ಮಾಡಿ ಬಂದದ್ದೂ ಇದನ್ನೇ. ಮನೆತನದ ವಿದ್ಯೆ, ಎಲ್ಲಿಗೆ ಹೋದೀತು!

೧. ಬಣ್ಣದ ವೇಳಾಪಟ್ಟಿ

ಮಗಳು ಪಣ ತೊಟ್ಟು ಓದಲು ಕುಳಿತಳು. ಓದುವುದಕ್ಕೆ ಮೊದಲು ಟೈಮ್ ಟೇಬಲ್ ಬೇಕಂತೆ. ಇಡೀ ಭಾನುವಾರ ನೆಲದ ಮೇಲೆ ಬೋರಲು ಬಿದ್ದು, ಸ್ಕೆಚ್ ಪೆನ್ನಿನಿಂದ ಬಣ್ಣ ತುಂಬಿ ಗೋಡೆಗೆ ಅಂಟಿಸಿದಳು. ಚೌತಿಯಲ್ಲಿ ಗಣಪತಿಯ ಮಂಟಪ ನೋಡಲು ಬರುವ ಹಾಗೆ ಓಣಿಯ ಹೆಂಗಸರು ಬಂದು ನೋಡಿ ಹೋದರು.

ಮರುದಿನ ಬೆಳಿಗ್ಗೆ ಚಾದರದ ಗಂಟು ಕಟ್ಟುತ್ತ ಕೇಳಿದೆ: "ಮ್ಯಾಲೆ ಹಸರ ಬಣ್ಣದಾಗ ಏನ ಬರದೀ?"

"ಐದಕ್ಕ ಏಳೋದು," ಎಂದಳು ಹಾಸಿಗೆಯೊಳಗಿಂದ.

"ಈಗ ಎಂಟಾತು."

ದಡಕ್ಕನೆ ಎದ್ದು ಕುಳಿತಳು. ಓಹೋ, ಹುಡುಗಿಗೆ ಜವಾಬ್ದಾರಿ ಬಂತು ಎಂದುಕೊಂಡೆ.

"ಅವ್ವಾ, ಸ್ಕೆಚ್ ಪೆನ್ ಎಲ್ಲಿ ಅದಾವು? ಟೈಮ್ ಟೇಬಲ್ ತಿದ್ದಬೇಕು."

೨. ಕೆಂಪು ಗೆರೆ

ಆಮೇಲೆ ಟ್ಯೂಷನ್ನಿಗೆ ಹಾಕಿದೆ. ಮಾಸ್ತರರು ಪಾಠಕ್ಕಿಂತ ಹೆಚ್ಚಾಗಿ ಒಂದು ಗುಟ್ಟು ಹೇಳಿಕೊಟ್ಟರು: ಮುಖ್ಯವಾದದ್ದಕ್ಕೆ ಕೆಂಪು ಗೆರೆ ಎಳೆಯಬೇಕು, ಕೊನೆಗೆ ಅದಷ್ಟನ್ನೇ ಓದಬೇಕು. ಮಗಳಿಗೆ ಅದು ಬಹಳ ಹಿಡಿಸಿತು. ಗೆರೆ ಎಳೆಯುವಾಗ ಓದಿದ ಹಾಗೂ ಕಾಣುತ್ತದೆ, ಓದುವ ತ್ರಾಸವೂ ಇಲ್ಲ. ಒಂದು ದಿನ ಪುಸ್ತಕ ತೆರೆದು ನೋಡಿದೆ. ಮೊದಲ ಪುಟದಿಂದ ಕೊನೆಯವರೆಗೆ ಕೆಂಪೋ ಕೆಂಪು.

"ಎಲ್ಲಾನೂ ಮುಖ್ಯ ಏನವಾ?"

"ಇಲ್ಲವ್ವ. ಛಾಪಖಾನೆ ವಿಳಾಸಕ್ಕ ಗೆರಿ ಹಾಕಿಲ್ಲ ನೋಡು."

೩. ಪುಸ್ತಕ ದೇವರ ಪಾಲು

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಅತ್ತೆ ಖಂಡೆಪೂಜೆಗೆ ನನ್ನ ಕತ್ತರಿ, ಗಜಕೋಲು, ಮನೆಯ ಈಳಿಗೆ ಎಲ್ಲ ಜೋಡಿಸಿದರು. ಮೇಲೆ ಕೆಮಿಸ್ಟ್ರಿ ಪುಸ್ತಕವನ್ನೂ ಇಟ್ಟು ಅರಿಷಿಣ ಕುಂಕುಮ ಏರಿಸಿದರು. ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯ ಪೂಜೆ ಆಗುವವರೆಗೆ ಯಾರೂ ತೆರೆಯಬಾರದು.

"ಅತ್ತಿ, ಪರೀಕ್ಷೆ ಹತ್ರ ಬಂದೈತ್ರಿ!"

"ಬರ್ಲಿ. ಸರಸ್ವತಿಗಿಂತ ದೊಡ್ಡಾಕಿ ಏನು ನಿನ್ನ ಪರೀಕ್ಷಿ?"

ಅಲ್ಲಿಯವರೆಗೆ ದೀಪ ಹಚ್ಚು ಎಂದರೆ ಮುಖ ಗಂಟಿಕ್ಕುತ್ತಿದ್ದ ಮಗಳು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಅಂಥ ಭಕ್ತಿಯನ್ನು ನಾನು ಮತ್ತೆ ಕಂಡಿಲ್ಲ.

ಹಳೇ ಪ್ರಶ್ನೆಪತ್ರಿಕೆಗಳು ಮಾತ್ರ ಚಾದರದ ಗಂಟಿನಡಿ ಬಿದ್ದಿದ್ದರಿಂದ ದೇವರ ಪಾಲಾಗಿರಲಿಲ್ಲ. ತೆಗೆದುಕೊಂಡು ಮಗಳ ಎದುರು ಕುಳಿತೆ.

"ಪುಸ್ತಕ ದೇವರ ಹತ್ರ ಐತಿ, ತಲಿ ನಿನ್ನ ಹತ್ರ ಐತಿ. ಹೇಳು."

"ಆಯೀ, ನೋಡಿಲ್ಲಿ! ಪೂಜಿಗೆ ಇಟ್ಟ ಮ್ಯಾಲೂ ಓದಸಾಕತ್ತಾಳ!" ಎಂದು ಮಗಳು ಅಜ್ಜಿಗೆ ದೂರು ಕೊಟ್ಟಳು.

ಅತ್ತೆ ಯೋಚಿಸಿ ತೀರ್ಪು ಕೊಟ್ಟರು: "ಬಾಯಿಲೆ ಹೇಳಿದ್ರ ದೋಷ ಇಲ್ಲ."

ಮಗಳು ಜೀವನದಲ್ಲಿ ಮೊದಲ ಸಲ ದೇವರ ಕಡೆ ಸಿಟ್ಟಿನಿಂದ ನೋಡಿದಳು.

೪. ಕೆಮಿಸ್ಟ್ರಿಯೊಳಗಿನ ದೊಡ್ಡಪ್ಪ

ನಾನು ಅಕ್ಷರ ಕೂಡಿಸಿ ಕೂಡಿಸಿ ಪ್ರಶ್ನೆ ಓದುತ್ತಿದ್ದೆ. ಅರ್ಥ ನನ್ನ ಜವಾಬ್ದಾರಿ ಆಗಿರಲಿಲ್ಲ. ಅವ್ವನಿಗೇನು ತಿಳಿದೀತು ಎಂದು ಮಗಳು ಬಾಯಿಗೆ ಬಂದದ್ದನ್ನು ರೈಲಿನ ಹಾಗೆ ಬಿಡತೊಡಗಿದಳು. ಪೇಟೆಯಲ್ಲಿ ಚಾದರ ಸಗಟಾಗಿ ಕೊಡುವ ಠೋಕ ವ್ಯಾಪಾರಿಗಳ ಹತ್ತಿರ ಕಲಿತದ್ದೊಂದಿದೆ: ಒಂದೇ ಪ್ರಶ್ನೆಯನ್ನು ಬೆಳಿಗ್ಗೆಯೂ ಕೇಳಬೇಕು, ಸಂಜೆಗೂ ಕೇಳಬೇಕು. ಖರೇ ಉತ್ತರ ಉಟ್ಟ ಸೀರೆಯಲ್ಲೇ ಬರುತ್ತದೆ, ಸುಳ್ಳು ಸೀರೆ ಬದಲಿಸಿಕೊಂಡು ಬರುತ್ತದೆ. ಬೆಂಜೀನಿಗೆ ಬೆಳಿಗ್ಗೆ ಆರಿದ್ದ ಕಾರ್ಬನ್ ಸಂಜೆಗೆ ಎಂಟಾದವು.

"ಮುಂಜಾನಿ ಆರ ಅಂದಿದ್ದಿ. ಮಧ್ಯಾಹ್ನ ಎರಡು ಹಡೀತೇನು?"

ದಸರೆಯ ದಿನ ಪುಸ್ತಕ ಕೈಗೆ ಬಂದಾಗ, ಹೀಗೆ ಸೀರೆ ಬದಲಿಸಿದ್ದನ್ನು ಮಾತ್ರ ಹುಡುಕಿ ಓದಿದಳು. ಅಲ್ಲಿಂದ ಪರೀಕ್ಷೆಯವರೆಗೆ ಅದೇ ಪದ್ಧತಿ. ಒಂದಿಷ್ಟು ಓದು, ಪುಸ್ತಕ ದೇವರ ಮುಂದೆ, ಆಮೇಲೆ ಬಾಯಿಲೆ ಉತ್ತರ. ಕಾವಲಿಗೆ ಅತ್ತೆ. ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಬೇಕು ಎಂದೂ ಗಂಟು ಬಿದ್ದೆ.

"ಕ್ಯಾಟಲಿಸ್ಟ್ ಅಂದ್ರ ಏನು?"

"ನಡುವ ಬಂದು ಸೇರತೈತವ್ವ. ಉಳಿದವು ಜಗಳಕ್ಕ ಬಿದ್ದಂಗ ಜೋರ್ ರಿಯಾಕ್ಷನ್ ಆಕ್ಕಾವು. ಅದು ಮಾತ್ರ ಇದ್ದಂಗ ಇರತೈತಿ, ಬದಲಾಗಂಗಿಲ್ಲ."

"ನಿಮ್ಮ ದೊಡ್ಡಪ್ಪ."

ಮಗಳು ನಗುತ್ತಾ ನೆಲದ ಮೇಲೆ ಉರುಳಿದಳು. ಪರೀಕ್ಷೆಗೆ ಅದೇ ಪ್ರಶ್ನೆ ಬಂತು. ಉತ್ತರ ಗೊತ್ತಿತ್ತಂತೆ, ದೊಡ್ಡಪ್ಪನ ಹೆಸರು ಬರೆಯದೆ ಬರೆಯುವುದೇ ಕಷ್ಟವಾಯಿತಂತೆ. ಫಸ್ಟ್ ಕ್ಲಾಸಿನ ಮಾರ್ಕು ಬಂತು. ಹುಬ್ಬಳ್ಳಿಯ ವರ ತನ್ನ ಸ್ವಂತ ಮನೆಯಲ್ಲೇ ಸುಖವಾಗಿ ಉಳಿದ.

೫. ತಿಂಗಳ ಪೂಜೆ

ಓಣಿಯಲ್ಲಿ ಸುದ್ದಿಯಾಯಿತು. ಮಾರ್ಕು ಬಂದದ್ದು ಮಗಳು ಓದಿದ್ದಕ್ಕಲ್ಲ, ನಾನು ಕೇಳಿದ್ದಕ್ಕಂತೂ ಅಲ್ಲವೇ ಅಲ್ಲ. ಅತ್ತೆಯ ದೇವರು ಕೆಮಿಸ್ಟ್ರಿ ಪಾಸು ಮಾಡಿಸುತ್ತಾನೆ! ಮುಂದಿನ ವರ್ಷ ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ಮೇಸ್ತ್ರಿಯ ಹೆಂಡತಿ ಮಗನ ಪುಸ್ತಕ, ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಬಂದಳು. ಅತ್ತೆ ಗತ್ತಿನಿಂದ ಪುಸ್ತಕ ಇಡಿಸಿಕೊಂಡರು.

"ಬರೇ ಇಟ್ರ ಆಗಂಗಿಲ್ಲವಾ, ದಿನಾ ಕೇಳಬೇಕು," ಎಂದೆ.

"ಕೇಳ್ಕೊಂಡೇನ್ರಿ ಅಕ್ಕಾರ, ಭಾಳ ಭಕ್ತಿಲೆ ಕೇಳ್ಕೊಂಡೇನಿ," ಎಂದು ಆಕೆ ಮತ್ತೊಮ್ಮೆ ಅಡ್ಡಬಿದ್ದಳು.

ಪುಸ್ತಕಕ್ಕೆ ತಿಂಗಳಿಡೀ ಹೂವು ಏರಿತು. ಹುಡುಗ ತಿಂಗಳಿಡೀ ಕ್ರಿಕೆಟ್ ಆಡಿದ. ಫಲಿತಾಂಶದ ದಿನ ಮೇಸ್ತ್ರಿಯ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು.

"ಅಮ್ಮಾ, ನಿಮ್ಮ ದೇವರು ಮೋಸ ಮಾಡ್ದ! ನಮ್ಮ ಹುಡುಗ ಫೇಲ್!"

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. ಅಕ್ಕಿಯೊಳಗಿನ ಕಲ್ಲು ಆರಿಸುತ್ತಲೇ ಹೇಳಿದರು:

"ತಿಂಗಳಪೂರ್ತಿ ಪುಸ್ತಕ ಇಟ್ಕೊಂಡು ಓದಿದಾಂವ ನಮ್ಮ ದೇವರು. ಪರೀಕ್ಷಿಗೆ ಅವನ್ನ ಕಳಸೋದು ಬಿಟ್ಟು ನಿನ್ನ ಮಗನ್ನ ಯಾಕ ಕಳಿಸಿದಿ?"

ಈಗ ಮಡಗಾಂವಿನಲ್ಲಿ ನಮ್ಮದೊಂದು ಔಷಧ ಅಂಗಡಿ ಇದೆ. ಲೈಸನ್ಸು ಮಗಳದು, ಗಲ್ಲಾಪೆಟ್ಟಿಗೆ ನನ್ನದು. ಅದಕ್ಕೆ ನನ್ನ ಬಂಗಾರದ ಬಳೆಗಳೆಲ್ಲ ಹೋದವು. ಕೈಯಲ್ಲಿ ಉಳಿದವು ಗಾಜಿನವು. ಮೊನ್ನೆ ಅಂಗಡಿಯೊಳಗೆ ಬಂದ ಹಳೇ ಪರಿಚಯದ ಗಿರಾಕಿಯೊಬ್ಬಳು ನೋಡಿ ಮರುಗಿದಳು: "ಅಯ್ಯ, ಎಂಥಾ ಚಲೋ ಬಳಿ ಇದ್ದುವಲ್ರಿ! ಎಲ್ಲಿ ಹೋದುವು?"

"ಎಲ್ಲೂ ಹೋಗಿಲ್ಲವಾ," ಎಂದೆ. "ನೀ ಅವುಗಳ ಒಳಗೇ ನಿಂತೀ."